ಪುಟ್ಟ ಮನೆ ದಂಡವಲ್ಲ, ಆದರೆ ಟೇಪು ಹಿಡಿದು, ಕಾಗದ ಓದಿ ಕೊಳ್ಳಿ

ಮಾನ್ಯ ಸಂಪಾದಕರೇ,

ಕಳೆದ ವಾರ ಇದೇ ಅಂಕಣದಲ್ಲಿ ಓದುಗರೊಬ್ಬರು ಬರೆದ ಪತ್ರ ಓದಿದೆ. ಮುಂಬೈಯಲ್ಲಿ ಇನ್ನೂರೈವತ್ತು ಚದರಡಿಯ ಮನೆಗೆ ನಲವತ್ತು–ಐವತ್ತು ಲಕ್ಷ ಸುರಿಯುವುದು ದಂಡ, ಅದೇ ದುಡ್ಡಿಗೆ ಊರಲ್ಲಿ ಹತ್ತು ಸೆಂಟ್ಸ್ ಜಾಗ ತಗೊಂಡು ತಾರಸಿ ಮನೆ ಕಟ್ಟಿಸಬಹುದು ಎಂದು ಅವರು ಬರೆದಿದ್ದರು. ಅವರ ಕಾಳಜಿ ಅರ್ಥವಾಗುತ್ತದೆ. ಆದರೆ ಈ ಮಾತನ್ನು ನಂಬಿ ನಮ್ಮ ಎಷ್ಟೋ ಮಂದಿ ಹದಿನೈದು–ಇಪ್ಪತ್ತು ವರ್ಷ ಭಾಡೆ ಕಟ್ಟುತ್ತಲೇ ಇದ್ದಾರೆ. ಊರಲ್ಲಿ ಕಟ್ಟಿದ ಮನೆಗೆ ಬೀಗ, ಇಲ್ಲಿ ಹನ್ನೊಂದು ತಿಂಗಳ ಭಾಡೆ ಕರಾರು ಮುಗಿದಾಗಲೆಲ್ಲ ಗಂಟುಮೂಟೆ. ಹಾಗಾಗಿ ನಾಲ್ಕು ಮಾತು ಬರೆಯಬೇಕು ಅನ್ನಿಸಿತು.

ನಾನು ಭಾಂಡುಪ್‌ನವಳು, ಮೂಲ ಕುಂದಾಪುರದ ಕಡೆ. ಹೌಸಿಂಗ್ ಸೊಸೈಟಿ, ಅಂದರೆ ಒಂದು ಕಟ್ಟಡದ ಮನೆಯವರೆಲ್ಲ ಸೇರಿ ಮಾಡಿಕೊಂಡ ಸಹಕಾರ ಸಂಘ; ಅಂಥವುಗಳ ಲೆಕ್ಕ ಬರೆಯುವುದು ನನ್ನ ಕೆಲಸ. ತಿಂಗಳ ಮೇಂಟೆನೆನ್ಸ್ ಬಿಲ್ಲು, ಸೊಸೈಟಿಯ ಸದಸ್ಯತ್ವ ತೋರಿಸುವ ಷೇರ್ ಸರ್ಟಿಫಿಕೇಟು, ಮನೆ ಕೈ ಬದಲಾದಾಗಿನ ಕಾಗದಪತ್ರ, ಎಲ್ಲ ನನ್ನ ಮೇಜಿನ ಮೇಲೆ ಬಂದು ಹೋಗುತ್ತವೆ. ಚಿಕ್ಕ ಮನೆ ಕೊಂಡು ನೆಮ್ಮದಿಯಾಗಿ ಇರುವವರನ್ನು ನೋಡಿದ್ದೇನೆ. ಚಿಕ್ಕ ಮನೆ ಕೊಂಡು ಕಣ್ಣೀರು ಹಾಕಿದವರನ್ನೂ ನೋಡಿದ್ದೇನೆ. ಇಬ್ಬರ ಮನೆಯ ಅಳತೆಯೂ ಹೆಚ್ಚು ಕಡಿಮೆ ಒಂದೇ. ಹಾಗಾದರೆ ವ್ಯತ್ಯಾಸ ಎಲ್ಲಿದೆ ಎನ್ನುವುದೇ ಈ ಪತ್ರದ ವಿಷಯ.

ಈಚೆಗೆ ನಮ್ಮ ಮನೆಯಲ್ಲೇ ಈ ಪ್ರಶ್ನೆ ಬಂತು. ನನ್ನ ಅಣ್ಣನ ಮಗ ವಿಕ್ರೋಲಿಯ ಒಂದು ಕಂಪನಿಯಲ್ಲಿ ಸ್ಟೋರ್ ನೋಡಿಕೊಳ್ಳುತ್ತಾನೆ. ಅವನ ಹೆಂಡತಿ ಮುಲುಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಕಾಂಜೂರ್‌ಮಾರ್ಗ್‌ನಲ್ಲಿ ತಿಂಗಳಿಗೆ 18,000 ಭಾಡೆ. ಅವರ ಮುಂದೆ ಎರಡು ದಾರಿ ಇತ್ತು. ಒಂದು, ಭಾಂಡುಪ್‌ನಲ್ಲಿ ಇಬ್ಬರ ಕೆಲಸಕ್ಕೂ ಹತ್ತಿರದ ಹಳೆಯ ಸೊಸೈಟಿಯ ಒಂದು ವನ್ ಆರ್‌ಕೆ. ಅಂದರೆ ಒಂದು ಕೋಣೆ, ಒಂದು ಅಡುಗೆಮನೆ. 248 ಚದರಡಿ ಕಾರ್ಪೆಟ್ (ಮನೆಯೊಳಗಿನ ನೆಲದ ಅಳತೆ) ಎಂದು ಹೇಳಿದರು, ಬೆಲೆ 46 ಲಕ್ಷ. ಇನ್ನೊಂದು, ಬದ್ಲಾಪುರದಲ್ಲಿ ಹೊಸ ವನ್ ಬಿಎಚ್‌ಕೆ, ಅಂದರೆ ಒಂದು ಬೆಡ್ರೂಮು, ಹಾಲು, ಅಡುಗೆಮನೆ, ಬೆಲೆ 32 ಲಕ್ಷ. ಅಲ್ಲಿ ಬಾಲ್ಕನಿ ಇದೆ, ಲಿಫ್ಟ್ ಇದೆ, ಕೆಳಗೆ ಮಕ್ಕಳಿಗೆ ಜಾರುಬಂಡೆಯೂ ಇದೆ. ಮನೆಯವರೆಲ್ಲ ಬದ್ಲಾಪುರವೇ ಸರಿ ಅಂದರು. ಹುಡುಗಿ ಮಾತ್ರ ಸುಮ್ಮನಿದ್ದಳು. ‘ಅತ್ತೆ, ನೀವೇ ಒಂದು ಸಲ ನೋಡಿ ಹೇಳಿ’ ಅಂತ ಅವನು ನನ್ನ ಹತ್ತಿರ ಬಂದ.

ನಾನು ಮೊದಲು ಕೇಳಿದ್ದು ಹುಡುಗಿಯನ್ನು. ಅವಳ ಡ್ಯೂಟಿ ಮುಗಿಯುವುದು ಕೆಲವು ದಿನ ರಾತ್ರಿ ಎಂಟೂವರೆಗೆ, ಕೆಲವು ದಿನ ಬೆಳಿಗ್ಗೆ ಎಂಟೂವರೆಗೆ. ಬದ್ಲಾಪುರ ಮುಂಬೈಯ ದೊಡ್ಡ ಸ್ಟೇಷನ್ ಸಿಎಸ್‌ಎಂಟಿಯಿಂದ ಸುಮಾರು 68 ಕಿಲೋಮೀಟರ್. ಮುಲುಂಡಿಗೆ ಫಾಸ್ಟ್ ಗಾಡಿ ಎಲ್ಲ ನಿಲ್ಲುವುದಿಲ್ಲ. ಥಾಣೆಯಲ್ಲಿ ಇಳಿದು ಇನ್ನೊಂದು ಹಿಡಿಯಬೇಕು. ಬೆಳಗಿನ ಹೊತ್ತು ಬದ್ಲಾಪುರದ ಹೆಂಗಸರ ಡಬ್ಬಿಯ ಬಾಗಿಲಲ್ಲಿ ನಿಂತವರಿಗೆ ಗೊತ್ತು ಅದೇನು ಅಂತ. ರಾತ್ರಿ ಪಾಳಿ ಮುಗಿಸಿದ ಹೆಂಗಸು ಮನೆ ಸೇರಿ ಮೈ ಚಾಚುವ ಹೊತ್ತಿಗೆ ಹನ್ನೊಂದು ಗಂಟೆ. ಮನೆ ನೂರೈವತ್ತು ಅಡಿ ದೊಡ್ಡದಾದರೆ ಅವಳಿಗೆ ಏನು ಸಿಕ್ಕಿತು? ದಿನಕ್ಕೆ ಎರಡು–ಮೂರು ಗಂಟೆ ರೈಲಿನಲ್ಲಿ ಹೋಗುತ್ತದೆ. ಆ ಹೊತ್ತನ್ನೂ ಮನೆಯ ಬೆಲೆಯಲ್ಲಿ ಸೇರಿಸಿ ಲೆಕ್ಕ ಹಾಕಬೇಕು. ಇದನ್ನು ಯಾವ ಏಜೆಂಟೂ ಹೇಳುವುದಿಲ್ಲ.

ಹಾಗಂತ ಭಾಂಡುಪಿನ ಮನೆಗೆ ನಾನು ತಕ್ಷಣ ಹೂಂ ಅನ್ನಲಿಲ್ಲ. ದುಡ್ಡಿನ ವಿಷಯ ಮೊದಲು ನೋಡೋಣ ಅಂದೆ.

46 ಲಕ್ಷದ ಮನೆಗೆ ಬ್ಯಾಂಕು ಪೂರ್ತಿ ಸಾಲ ಕೊಡುವುದಿಲ್ಲ. ರಿಸರ್ವ್ ಬ್ಯಾಂಕಿನ ನಿಯಮದಂತೆ 30 ಲಕ್ಷದವರೆಗಿನ ಸಾಲಕ್ಕೆ ಬೆಲೆಯ ಶೇ. 90, ಅದಕ್ಕಿಂತ ಮೇಲೆ 75 ಲಕ್ಷದವರೆಗಿನ ಸಾಲಕ್ಕೆ ಶೇ. 80, ಇದು ಮಿತಿ. ಅಂದರೆ 36 ಲಕ್ಷದ 80 ಸಾವಿರ ಸಾಲ, 9 ಲಕ್ಷದ 20 ಸಾವಿರ ಕೈಯಿಂದ. ಸ್ಟ್ಯಾಂಪ್ ಡ್ಯೂಟಿ ಮುಂಬೈಯಲ್ಲಿ ಮೆಟ್ರೋ ಸೆಸ್ ಸೇರಿ ಶೇ. 6. ಇದನ್ನು ಸಾಲದಲ್ಲಿ ಸೇರಿಸುವಂತಿಲ್ಲ, ಕೈಯಿಂದಲೇ ಹಾಕಬೇಕು. ನೋಂದಣಿಗೆ 30,000. ಏಜೆಂಟ್ ಕಮಿಷನ್, ವಕೀಲರ ಫೀಸು, ಸೊಸೈಟಿಗೆ ಕಟ್ಟುವ ಟ್ರಾನ್ಸ್‌ಫರ್ ಪ್ರೀಮಿಯಂ ಬೇರೆ. ಬೀಗದ ಕೈ ಸಿಗುವ ಮುಂಚೆ ಕೈಯಿಂದ ಹದಿಮೂರು ಲಕ್ಷ ಹೋಗಿರುತ್ತದೆ. ‘ಒಂಬತ್ತು ಲಕ್ಷ ಇದೆ ಅತ್ತೆ, ಸಾಕಲ್ವಾ’ ಅಂದಿದ್ದ ಹುಡುಗ ಇದನ್ನು ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಇಲ್ಲೊಂದು ವಿಷಯ ನಮ್ಮವರಿಗೆ ಹೇಳಲೇಬೇಕು. ಮಹಾರಾಷ್ಟ್ರದಲ್ಲಿ ಮನೆ ಪೂರ್ತಿ ಹೆಂಗಸಿನ ಹೆಸರಿಗೆ ಕೊಂಡರೆ ಸ್ಟ್ಯಾಂಪ್ ಡ್ಯೂಟಿಯಲ್ಲಿ ಶೇ. 1 ರಿಯಾಯಿತಿ ಇದೆ, 2021ರಿಂದ. ಗಂಡನ ಹೆಸರನ್ನೂ ಸೇರಿಸಿದರೆ ಆ ರಿಯಾಯಿತಿ ಇಲ್ಲ. ನಮ್ಮ ಲೆಕ್ಕದಲ್ಲಿ ಅದು 46,000 ರೂಪಾಯಿ. ಸಾಲದ ಕಾಗದದಲ್ಲಿ ಗಂಡ ಜೊತೆ ಸಾಲಗಾರ ಆಗಬಹುದು. ಅಣ್ಣ ಅತ್ತಿಗೆಗೆ ಇದು ಅಷ್ಟು ಹಿಡಿಸಲಿಲ್ಲ. ನನಗೆ ತುಂಬ ಹಿಡಿಸಿತು. ಗಂಡನಷ್ಟೇ ದುಡಿಯುವ ಹೆಂಗಸಿನ ಹೆಸರಲ್ಲಿ ಮನೆ ಇರುವುದು ದುಡ್ಡು ಉಳಿಯುತ್ತದೆ ಅನ್ನುವುದಕ್ಕಿಂತ ದೊಡ್ಡ ವಿಷಯ.

ಕಂತಿನ ಲೆಕ್ಕ: ಬಡ್ಡಿ ಎಂಟೂವರೆ ಹಿಡಿದು ಇಪ್ಪತ್ತು ವರ್ಷಕ್ಕೆ ತಿಂಗಳಿಗೆ ಸುಮಾರು 32,000. ಈಗಿನ ಭಾಡೆಗಿಂತ 14,000 ಜಾಸ್ತಿ. ಇಪ್ಪತ್ತು ವರ್ಷದಲ್ಲಿ ಬ್ಯಾಂಕಿಗೆ ಕಟ್ಟುವುದು 76 ಲಕ್ಷದ ಮೇಲೆ. ಇಬ್ಬರ ಸಂಬಳ ಸೇರಿ ಇದು ನಡೆಯುತ್ತದೆ. ಆದರೆ ಮಗು ಹುಟ್ಟಿ ಅವಳು ಒಂದು ವರ್ಷ ಮನೆಯಲ್ಲಿ ಕೂತರೆ? ಆಗಲೂ ಒಬ್ಬರ ಸಂಬಳದಲ್ಲಿ ಕಂತು ಕಟ್ಟಿ, ಅಕ್ಕಿ ಬೇಳೆಗೆ ಉಳಿಯಬೇಕು. ಉಳಿಯುವುದಿಲ್ಲ ಅಂದರೆ ಮನೆ ಎಷ್ಟೇ ಚೆಂದ ಇರಲಿ, ಎರಡು ವರ್ಷ ತಡೆದು ಇನ್ನಷ್ಟು ಕೂಡಿಡುವುದು ಒಳ್ಳೆಯದು. ಇದರಲ್ಲಿ ನಾನು ಕಟ್ಟುನಿಟ್ಟು. ಸೊಸೈಟಿ ಬಾಕಿದಾರರ ಪಟ್ಟಿಯಲ್ಲಿ ಯಾರ ಹೆಸರು ಯಾಕೆ ಬರುತ್ತದೆ ಎಂದು ನೋಡಿದವಳು ನಾನು.

ಈಗ ಮನೆ ನೋಡಲು ಹೋದ ಕತೆ. ನಾನು ಟೇಪು ತಗೊಂಡು ಹೋದೆ. ಏಜೆಂಟ್ ‘ಮೇಡಂ, ಅಗ್ರಿಮೆಂಟಿನಲ್ಲಿ ಎಲ್ಲ ಬರೆದಿದೆ’ ಅಂದ. ಇರಲಿ ಬಿಡಿ, ನಾವೂ ಅಳೆಯುತ್ತೇವೆ ಅಂದೆ. ಕೋಣೆ ಹತ್ತು ಅಡಿಗೆ ಹದಿಮೂರು. ಅಡುಗೆಮನೆ ಆರೂವರೆಗೆ ಎಂಟು. ಬಾತ್ರೂಮು ಸಂಡಾಸು ಸೇರಿ ನಾಲ್ಕಕ್ಕೆ ಏಳು. ನಡುವಿನ ಓಣಿ ಸೇರಿಸಿದರೂ 230 ದಾಟಲಿಲ್ಲ. ಉಳಿದ ಹದಿನೆಂಟು ಅಡಿ ಎಲ್ಲಿ ಎಂದು ಕೇಳಿದರೆ ಕಿಟಕಿಯ ಹೊರಗೆ ಕೂರಿಸಿದ ಕಬ್ಬಿಣದ ಗ್ರಿಲ್ ತೋರಿಸಿದ. ಆ ಮನೆಯಲ್ಲಿ ಒಂದು ಅಡಿಗೆ ಸುಮಾರು 18,500 ರೂಪಾಯಿ ಬೀಳುತ್ತಿತ್ತು. ಹದಿನೆಂಟು ಅಡಿ ಅಂದರೆ ಮೂರು ಲಕ್ಷದ ಮೇಲೆ. ದೊಡ್ಡ ಮನೆಯಲ್ಲಿ ಹದಿನೆಂಟು ಅಡಿ ಹೋದರೆ ತಿಳಿಯುವುದಿಲ್ಲ. ಇಲ್ಲಿ ಅದು ಒಂದು ಕಪಾಟು ಮತ್ತು ಫ್ರಿಜ್ಜಿನ ಜಾಗ.

ಕಾರ್ಪೆಟ್ ಏರಿಯಾ ಎಂದರೆ ಏನು ಎಂದು 2016ರ ರೇರಾ ಕಾನೂನು, ಅಂದರೆ ಬಿಲ್ಡರುಗಳ ವ್ಯವಹಾರ ನಿಯಂತ್ರಿಸುವ ಕಾನೂನು, ಸ್ಪಷ್ಟವಾಗಿ ಹೇಳಿದೆ. ಮನೆಯ ಒಳಗೆ ಬಳಸಲು ಸಿಗುವ ನೆಲ, ಒಳಗಿನ ಅಡ್ಡಗೋಡೆಗಳ ದಪ್ಪವೂ ಸೇರಿ. ಹೊರಗೋಡೆ, ಪೈಪು ಹೋಗುವ ಶಾಫ್ಟ್, ಬಾಲ್ಕನಿ ಇದರಲ್ಲಿ ಸೇರುವುದಿಲ್ಲ. ಗ್ರಿಲ್ಲಂತೂ ಸೇರುವ ಮಾತೇ ಇಲ್ಲ. ಹಳೆಯ ಅಗ್ರಿಮೆಂಟುಗಳಲ್ಲಿ ಹೊರಗೋಡೆಯೂ ಸೇರಿದ ಅಳತೆಯನ್ನು ಬಿಲ್ಟ್ ಅಪ್ ಎಂದು ಬರೆದಿರುತ್ತಾರೆ, ಮಾರುವಾಗ ಅದನ್ನೇ ಕಾರ್ಪೆಟ್ ಎಂದು ಹೇಳುವವರಿದ್ದಾರೆ. ಅದಕ್ಕೇ ಟೇಪು.

ಅಳತೆ ಗೊತ್ತಾದ ಮೇಲೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಗೆರೆ ಎಳೆದೆವು. ಮಂಚ ಇಲ್ಲಿ, ಆರು ಅಡಿ ಮೂರು ಇಂಚು ಉದ್ದ. ಕಪಾಟು ಇಲ್ಲಿ, ಅದರ ಬಾಗಿಲು ತೆರೆಯಲು ಒಂದೂವರೆ ಅಡಿ ಬಿಡಬೇಕು. ಮುಂಬಾಗಿಲು ಒಳಗೆ ತೆರೆಯುತ್ತದೆ, ಅದರ ಹಿಂದೆ ಏನೂ ಇಡಲಾಗದು. ವಾಷಿಂಗ್ ಮಷೀನಿಗೆ ನೀರಿನ ನಲ್ಲಿ ಬಾತ್ರೂಮಿನಲ್ಲೇ ಇದೆ, ಅಲ್ಲಿಟ್ಟರೆ ಸ್ನಾನಕ್ಕೆ ನಿಲ್ಲಲು ಜಾಗ ಇಲ್ಲ. ಊರಿಂದ ಬಂದ ಕುಚ್ಚಲಕ್ಕಿ, ತೆಂಗಿನಕಾಯಿ ಮೂಟೆ, ಅಮ್ಮ ಕೊಟ್ಟ ಗ್ರೈಂಡರ್? ಅದಕ್ಕೆ ಅಟ್ಟ ಬೇಕು. ಅಟ್ಟ ಇತ್ತು, ಆದರೆ ಅದಕ್ಕೆ ಕೈ ಎಟುಕಬೇಕಾದರೆ ಗ್ಯಾಸ್ ಒಲೆಯ ಕಟ್ಟೆ ಹತ್ತಬೇಕು. ಮಳೆಗಾಲದ ನಾಲ್ಕು ತಿಂಗಳು ಬಟ್ಟೆ ಒಣಗಿಸುವುದು ಎಲ್ಲಿ? ಕೋಣೆಯಲ್ಲೇ, ಮಂಚದ ಮೇಲೆ ಹಗ್ಗ ಕಟ್ಟಿ.

ಹುಡುಗಿ ಆಗ ತಾನಾಗಿಯೇ ಬಾಯಿ ಬಿಟ್ಟಳು. ‘ಅತ್ತೆ, ನಾನು ಹಗಲು ಮಲಗಬೇಕು. ಇವರು ಭಾನುವಾರ ಮನೆಯಲ್ಲಿದ್ದರೆ ಎಲ್ಲಿ ಕೂರುತ್ತಾರೆ?’

ಒಂದೇ ಕೋಣೆಯ ಮನೆ ಕೊಳ್ಳುವವರು ಕೇಳಬೇಕಾದ ಅತಿ ದೊಡ್ಡ ಪ್ರಶ್ನೆ ಇದೇ ಎಂದು ನನಗನ್ನಿಸಿತು. ಎಷ್ಟು ಜನ ಮಲಗಬಹುದು ಅನ್ನುವುದಲ್ಲ. ಒಬ್ಬರು ಮಲಗಿದಾಗ ಇನ್ನೊಬ್ಬರು ಬದುಕಬಹುದೇ ಅನ್ನುವುದು. ಒಬ್ಬರಿಗೆ ಜ್ವರ ಬಂದಾಗ, ಮಗುವಿಗೆ ಪರೀಕ್ಷೆ ಇದ್ದಾಗ, ಇಬ್ಬರಿಗೂ ಮಾತು ಬೇಡವಾದಾಗ. ಅದಕ್ಕೆ ಅಡುಗೆಮನೆಗೆ ಬೇರೆ ಬಾಗಿಲು ಬೇಕು, ಬೇರೆ ಕಿಟಕಿ ಬೇಕು. ಈಗ ಸ್ಟುಡಿಯೋ ಎಂದು ಹೆಸರಿಟ್ಟು, ಅಡುಗೆಕಟ್ಟೆಯನ್ನು ಕೋಣೆಯ ಗೋಡೆಗೇ ಅಂಟಿಸಿ ಮಾರುತ್ತಾರೆ. ನೋಡಲು ಅಚ್ಚುಕಟ್ಟು. ಆದರೆ ನಮ್ಮ ಒಗ್ಗರಣೆ, ಮೀನು ಹುರಿಯುವ ಹೊಗೆ, ಬೆಳಗಿನ ಮಿಕ್ಸಿ ಸದ್ದು, ಎಲ್ಲ ಹಾಸಿಗೆಯ ಮೇಲೆ. ಪಾಳಿಯಲ್ಲಿ ದುಡಿಯುವವರು ಇರುವ ಮನೆಗೆ ಅದು ಬೇಡವೇ ಬೇಡ. ಹೋಟೆಲು, ಆಸ್ಪತ್ರೆ, ಸೆಕ್ಯೂರಿಟಿ, ಕಾಲ್ ಸೆಂಟರ್ ಎಂದು ನಮ್ಮವರಲ್ಲಿ ಪಾಳಿಯವರೇ ಜಾಸ್ತಿ ಅಲ್ವಾ.

ಆ ಮನೆಯಲ್ಲಿ ಅಡುಗೆಮನೆಗೆ ಬಾಗಿಲೇನೋ ಇತ್ತು. ಆದರೆ ಕಿಟಕಿ ತೆರೆಯುವುದು ಡಕ್ಟಿಗೆ, ಅಂದರೆ ಪೈಪುಗಳು ಹೋಗುವ ಇಕ್ಕಟ್ಟು ಸಂದಿಗೆ. ಗಾಳಿ ಇಲ್ಲ, ಎಲ್ಲರ ಬಾತ್ರೂಮಿನ ನೀರಿನ ಸದ್ದು ಕೇಳುತ್ತಿತ್ತು. ಪಶ್ಚಿಮದ ಗೋಡೆಗೆ ಹೊಸ ಪೇಂಟು ಹೊಡೆದಿದ್ದರು. ಆ ಗೋಡೆಗೆ ಮಾತ್ರ. ಕೈ ಇಟ್ಟರೆ ತಣ್ಣಗಿತ್ತು, ಮೂಲೆಯಲ್ಲಿ ಪೇಂಟಿನ ಕೆಳಗೆ ಬೂಷ್ಟು ಕಪ್ಪಗೆ ಕಾಣುತ್ತಿತ್ತು. ಮುಂಬೈಯಲ್ಲಿ ಮನೆ ನೋಡಬೇಕಾದ್ದು ಜುಲೈ ತಿಂಗಳಲ್ಲಿ. ಬೇಸಿಗೆಯಲ್ಲಿ ಎಲ್ಲ ಗೋಡೆಯೂ ಚೆಂದ. ದೊಡ್ಡ ಮನೆಯಲ್ಲಿ ಒಂದು ಗೋಡೆ ಒದ್ದೆಯಾದರೆ ಮಂಚ ಈಚೆಗೆ ಎಳೆಯಬಹುದು, ಇಲ್ಲಿ ಎಳೆಯಲು ಈಚೆ ಎನ್ನುವುದೇ ಇಲ್ಲ. ನಾವು ಆ ಮನೆ ಬಿಟ್ಟೆವು.

ನಮ್ಮ ಹಿರಿಯರು ಒಂದು ಮಾತು ಹೇಳುತ್ತಾರೆ: ನಾವು ಚಾಳಿನ (ಸಾಲು ಕೋಣೆಗಳ ಹಳೆಯ ಕಟ್ಟಡ) ಒಂದು ಖೋಲಿಯಲ್ಲಿ ಎಂಟು ಜನ ಇದ್ದೆವು, ಈಗಿನವರಿಗೆ ಎರಡೇ ಜನಕ್ಕೆ ಸಾಲುವುದಿಲ್ಲವಾ? ನಾನೂ ಮುಂಬೈಯ ಲಾಲ್‌ಬಾಗಿನ ಚಾಳಿನಲ್ಲೇ ಬೆಳೆದವಳು, ಅದಕ್ಕೇ ಈ ಮಾತಿಗೆ ಉತ್ತರ ಕೊಡಬಲ್ಲೆ. ನಮ್ಮ ಖೋಲಿ ಹತ್ತಕ್ಕೆ ಹನ್ನೆರಡು. ಮೂಲೆಯಲ್ಲಿ ಮೋರಿ, ಅಲ್ಲೇ ಪಾತ್ರೆ, ಅಲ್ಲೇ ಸ್ನಾನ. ಆದರೆ ಹೊರಗೆ ಉದ್ದಕ್ಕೆ ಗ್ಯಾಲರಿ ಇತ್ತು. ಅಪ್ಪ, ಅವರ ಹೋಟೆಲಿನ ಹುಡುಗರು ರಾತ್ರಿ ಅಲ್ಲೇ ಚಾಪೆ ಹಾಸುತ್ತಿದ್ದರು. ನಾವು ಮಕ್ಕಳು ಅಲ್ಲೇ ಓದಿದ್ದು. ಬಟ್ಟೆ, ಹಪ್ಪಳ, ಸಂಡಿಗೆ ಒಣಗಿದ್ದೂ ಅಲ್ಲೇ. ಎಲ್ಲರ ಬಾಗಿಲೂ ದಿನವಿಡೀ ತೆರೆದೇ ಇರುತ್ತಿತ್ತು. ಪಕ್ಕದ ಮರಾಠಿ ಮನೆಯ ಕಾಕು (ಚಿಕ್ಕಮ್ಮ) ನಮ್ಮನ್ನು ನೋಡಿಕೊಳ್ಳುತ್ತಿದ್ದರು, ಅವರ ಮಕ್ಕಳಿಗೆ ನಮ್ಮಮ್ಮ ದೋಸೆ ಹೊಯ್ದು ಕೊಡುತ್ತಿದ್ದರು. ಅಂದರೆ ನಾವು ಬದುಕಿದ್ದು 120 ಅಡಿಯಲ್ಲಿ ಅಲ್ಲ. ಖೋಲಿ, ಗ್ಯಾಲರಿ, ಅಂಗಳ ಎಲ್ಲ ಸೇರಿ ನಮ್ಮ ಮನೆ.

ಈಗಿನ ವನ್ ಆರ್‌ಕೆ ಕಟ್ಟಡದಲ್ಲಿ ಆ ಗ್ಯಾಲರಿ ಇಲ್ಲ. ನಾಲ್ಕಡಿಯ ಕಾರಿಡಾರ್, ಎರಡೂ ಕಡೆ ಮುಚ್ಚಿದ ಬಾಗಿಲು, ಹೊರಗೆ ಚಪ್ಪಲಿ ಸ್ಟ್ಯಾಂಡ್ ಇಟ್ಟರೂ ಸೊಸೈಟಿ ನೋಟಿಸು. ಹಾಗಾಗಿ ಮನೆಯ ಒಳಗೇ ಎಲ್ಲ ಆಗಬೇಕು. ಹಳೆಯ ಚಿಕ್ಕ ಮನೆಯನ್ನು ತೋರಿಸಿ ಹೊಸ ಚಿಕ್ಕ ಮನೆಯನ್ನು ಅಳೆಯುವುದು ನ್ಯಾಯ ಅಲ್ಲ. ಸರಕಾರಕ್ಕೂ ಇದು ಗೊತ್ತಾಗಿದೆ. ಕೊಳೆಗೇರಿ ಪುನರ್ವಸತಿ ಯೋಜನೆಯ ಮನೆ ಮೊದಲು 225 ಅಡಿ ಇತ್ತು, ಆಮೇಲೆ 269 ಆಯಿತು, ಈಗ 300. 1920ರ ದಶಕದಲ್ಲಿ ಸರಕಾರ ಕಟ್ಟಿದ ಬಿಡಿಡಿ ಚಾಳುಗಳ ಖೋಲಿ 160 ಅಡಿ. ಅಲ್ಲಿದ್ದವರಿಗೆ ಈಗ 500 ಅಡಿಯ ಮನೆ, 2025ರಲ್ಲಿ ವರ್ಳಿಯ ಮೊದಲ ಕಂತಿನವರಿಗೆ ಕೀಲಿಯೂ ಸಿಕ್ಕಿತು. ಹೊಸ ಮನೆ ಸಿಗುತ್ತದೆ ಎಂದು ಖುಷಿಪಟ್ಟ ಅಲ್ಲಿನ ಹಿರಿಯರು ಗ್ಯಾಲರಿ ಹೋಗುತ್ತದೆ ಎಂದು ಬೇಜಾರೂ ಮಾಡಿಕೊಂಡರು. ನನಗೆ ಅವರ ಬೇಜಾರು ಚೆನ್ನಾಗಿ ಅರ್ಥವಾಗುತ್ತದೆ.

ಖರ್ಚಿನ ವಿಷಯದಲ್ಲಿ ಚಿಕ್ಕ ಮನೆಗೆ ಒಂದು ಲಾಭ, ಒಂದು ಪೆಟ್ಟು ಇದೆ. ಲಾಭ ಏನೆಂದರೆ, ಬೃಹನ್ಮುಂಬೈ ಪಾಲಿಕೆಯ ವ್ಯಾಪ್ತಿಯಲ್ಲಿ 500 ಅಡಿ ಕಾರ್ಪೆಟ್‌ವರೆಗಿನ ಮನೆಗೆ 2022ರ ಜನವರಿ 1ರಿಂದ ಆಸ್ತಿ ತೆರಿಗೆ ಇಲ್ಲ. ಪೆಟ್ಟು ಏನೆಂದರೆ, ಹೌಸಿಂಗ್ ಸೊಸೈಟಿಯ ಮಾದರಿ ಬೈಲಾ (ನಿಯಮಾವಳಿ) ಪ್ರಕಾರ ಸರ್ವಿಸ್ ಚಾರ್ಜು ಎಲ್ಲ ಮನೆಗೂ ಒಂದೇ. ವಾಚ್‌ಮನ್ ಸಂಬಳ, ಗುಡಿಸುವವರ ಸಂಬಳ, ಮೆಟ್ಟಿಲ ದೀಪ, ಆಫೀಸು ಖರ್ಚು, ಎಲ್ಲ ಸಮಪಾಲು. ಮೂರು ಬೆಡ್ರೂಮಿನವರು ಕೊಡುವಷ್ಟನ್ನೇ ಒಂದು ಕೋಣೆಯವರೂ ಕೊಡಬೇಕು. ಲಿಫ್ಟಿನ ಖರ್ಚೂ ಹಾಗೇ, ನೆಲಮಹಡಿಯವರಿಗೂ ಬಿಡುವುದಿಲ್ಲ. ರಿಪೇರಿ ಫಂಡು, ಮುಂದಿನ ದೊಡ್ಡ ಕೆಲಸಕ್ಕೆ ಕೂಡಿಡುವ ಸಿಂಕಿಂಗ್ ಫಂಡು ಮಾತ್ರ ಕಟ್ಟಡದ ವೆಚ್ಚದ ಮೇಲೆ, ನೀರಿನ ಬಿಲ್ಲು ನಲ್ಲಿಯ ಲೆಕ್ಕದಲ್ಲಿ. ಈಜುಕೊಳ, ಜಿಮ್ಮು, ಕ್ಲಬ್‌ಹೌಸ್ ಇರುವ ದೊಡ್ಡ ಟವರಿನಲ್ಲಿ ಒಂದು ಪುಟ್ಟ ಮನೆ ಕೊಂಡವರು ತಿಂಗಳ ಬಿಲ್ಲು ನೋಡಿ ನನ್ನ ಹತ್ತಿರ ಜಗಳಕ್ಕೆ ಬಂದಿದ್ದಾರೆ. ಬಿಲ್ಲಿನಲ್ಲಿ ತಪ್ಪಿರುವುದಿಲ್ಲ. ಚಿಕ್ಕ ಮನೆ ಬೇಕಿದ್ದವರು ಚಿಕ್ಕ ಮನೆಗಳೇ ಇರುವ ಸರಳ ಕಟ್ಟಡದಲ್ಲಿ ಕೊಂಡರೆ ಬಚಾವ್. ಕೊಳ್ಳುವ ಮುಂಚೆ ಮಾರುವವರ ಹಿಂದಿನ ಮೂರು ಬಿಲ್ಲು ಕೇಳಿ ನೋಡಿ, ಬಾಕಿ ಇದ್ದರೂ ಅದರಲ್ಲೇ ಗೊತ್ತಾಗುತ್ತದೆ.

ಇನ್ನು ಕಾಗದ. ಕಡಿಮೆ ಬೆಲೆಯ ಪುಟ್ಟ ಮನೆಗಳ ಹಿಂದೆಯೇ ಹೆಚ್ಚು ಮೋಸ ಅಡಗಿರುತ್ತದೆ, ಯಾಕೆಂದರೆ ಅದನ್ನು ಕೊಳ್ಳಲು ಬರುವವರು ವಕೀಲರಿಗೆ ಹತ್ತು ಸಾವಿರ ಕೊಡಲೂ ಹಿಂದೆ ಮುಂದೆ ನೋಡುವವರು. ಪುನರ್ವಸತಿ ಯೋಜನೆಯ ಮನೆಯನ್ನು ಸರಕಾರ ಹೇಳಿದ ವರ್ಷ ಮುಗಿಯುವ ಮುಂಚೆ ಮಾರುವಂತಿಲ್ಲ. ಆದರೂ ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ, ಮಾಡಿಕೊಡುತ್ತೇವೆ, ಐದಾರು ಲಕ್ಷ ಕಡಿಮೆಗೆ ಕೊಡುತ್ತೇವೆ ಎಂದು ಬರುತ್ತಾರೆ. ಬರೀ ಪವರ್ ಆಫ್ ಅಟಾರ್ನಿಯಿಂದ ಆಸ್ತಿ ಕೊಂಡವರದಾಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ಅಂಥ ಮನೆಗೆ ಹಣ ಕೊಟ್ಟರೆ ಅದು ಕೊಟ್ಟ ಹಣವೇ, ಮನೆ ಅಲ್ಲ.

ರೇರಾ ನಂಬರ್ ಇದೆ ಅಂದ ಮಾತ್ರಕ್ಕೆ ಕಣ್ಣುಮುಚ್ಚಿ ನಂಬಬೇಡಿ. ಕಲ್ಯಾಣ್–ಡೊಂಬಿವಿಲಿ ಪಾಲಿಕೆಯ ಅನುಮತಿ ಪತ್ರಗಳನ್ನೇ ಖೋಟಾ ಮಾಡಿ, ಅದನ್ನು ತೋರಿಸಿ ರೇರಾ ನೋಂದಣಿ ಮಾಡಿಸಿಕೊಂಡ 65 ಕಟ್ಟಡಗಳ ಸುದ್ದಿ ನಿಮ್ಮ ಓದುಗರಿಗೆ ನೆನಪಿರಬಹುದು. ಅವನ್ನು ಕೆಡವಬೇಕೆಂದು ಬಾಂಬೆ ಹೈಕೋರ್ಟ್ 2024ರ ನವೆಂಬರಿನಲ್ಲಿ ಆದೇಶ ಮಾಡಿತು. ಅಲ್ಲಿ ಮನೆ ಕೊಂಡವರು ಬ್ಯಾಂಕ್ ಸಾಲ ಮಾಡಿದವರು, ಕಂತು ಕಟ್ಟುತ್ತಿದ್ದವರು, ನಮ್ಮಂಥವರೇ. ಹಾಗಾಗಿ ಹೊಸ ಕಟ್ಟಡ ಆದರೆ ಪಾಲಿಕೆಗೆ ಹೋಗಿ ಅನುಮತಿ ನಿಜವೇ ಎಂದು ಕೇಳಬೇಕು. ಓಸಿ, ಅಂದರೆ ವಾಸ ಮಾಡಬಹುದು ಎಂಬ ಪಾಲಿಕೆಯ ಪ್ರಮಾಣಪತ್ರ, ಬಂದಿದ್ದರೆ ಒಳ್ಳೆಯದು, ಓಸಿ ಬಂದ ಮನೆಗೆ ಜಿಎಸ್‌ಟಿಯೂ ಇಲ್ಲ. ಕಟ್ಟುತ್ತಿರುವ ಮನೆ ಆದರೆ ಅಗ್ರಿಮೆಂಟ್ ನೋಂದಣಿ ಆಗುವ ಮುಂಚೆ ಬಿಲ್ಡರ್ ಬೆಲೆಯ ಶೇ. 10ಕ್ಕಿಂತ ಜಾಸ್ತಿ ತೆಗೆದುಕೊಳ್ಳುವಂತಿಲ್ಲ, ಇದು ಕಾನೂನು.

ಹಳೆಯ ಮನೆ ಆದರೆ ಕೇಳಬೇಕಾದ್ದು ಬೇರೆ. ಸೊಸೈಟಿ ನೋಂದಣಿ ಆಗಿದೆಯಾ? ಷೇರ್ ಸರ್ಟಿಫಿಕೇಟ್ ಮಾರುವವರ ಹೆಸರಲ್ಲಿದೆಯಾ? ಮೊದಲ ಕೊಂಡವರಿಂದ ಇವರವರೆಗೆ ಎಲ್ಲ ಅಗ್ರಿಮೆಂಟೂ ಸಿಗುತ್ತದಾ? ಜಾಗ ಸೊಸೈಟಿಯ ಹೆಸರಿಗೆ ಆಗಿದೆಯಾ, ಅಂದರೆ ಕನ್ವೇಯನ್ಸ್? ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗುತ್ತದೆ, ಅಂದರೆ ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಾರೆ, ದೊಡ್ಡ ಮನೆ ಸಿಗುತ್ತದೆ ಎಂದು ಆಸೆ ತೋರಿಸಿ ಹಳೇ ಖೋಲಿಗೆ ಜಾಸ್ತಿ ಬೆಲೆ ಹೇಳುವುದು ಈಗ ಮಾಮೂಲು. ಜಾಗ ಇನ್ನೂ ಹಳೇ ಬಿಲ್ಡರನ ಹೆಸರಲ್ಲೇ ಇದ್ದರೆ ಆ ಕೆಲಸ ಎಷ್ಟೋ ವರ್ಷ ಸಿಕ್ಕಿಹಾಕಿಕೊಳ್ಳುತ್ತದೆ. ಬಿಲ್ಡರ್ ಮಾಡಿಕೊಡದಿದ್ದರೆ ಅವನಿಲ್ಲದೆಯೇ ಜಾಗವನ್ನು ಸೊಸೈಟಿಯ ಹೆಸರಿಗೆ ಮಾಡಿಸಿಕೊಳ್ಳುವ ದಾರಿ, ಅಂದರೆ ಡೀಮ್ಡ್ ಕನ್ವೇಯನ್ಸ್, ಕಾನೂನಿನಲ್ಲಿದೆ, ಆದರೆ ಅದಕ್ಕೆ ಸೊಸೈಟಿಯವರು ಓಡಾಡಬೇಕು. ಇವತ್ತು ಆ ಮನೆಯಲ್ಲಿ ಹೇಗಿದೆಯೋ ಹಾಗೇ ಹತ್ತು ವರ್ಷ ಇರಬಲ್ಲೆವಾ ಎಂದು ಕೇಳಿಕೊಳ್ಳಿ. ಇರಬಲ್ಲೆವು ಅಂದರೆ ಕೊಳ್ಳಿ. ರೀಡೆವಲಪ್‌ಮೆಂಟ್ ಬಂದರೆ ಅದು ಮೇಲಿನ ಲಾಭ.

ಊರಲ್ಲಿ ಜಾಗ ಕೊಳ್ಳಿ ಎಂದ ಓದುಗರಿಗೆ ನಾನು ಹೇಳುವುದು ಇಷ್ಟೇ. ಊರಿಗೆ ಮರಳುವ ದಿನ ಹತ್ತಿರ ಇದ್ದವರು ಖಂಡಿತ ಅಲ್ಲೇ ಕಟ್ಟಿಸಿ. ಆದರೆ ಮೂವತ್ತರ ಹುಡುಗ ಹುಡುಗಿಗೆ ಇಲ್ಲಿ ಇನ್ನೂ ಮೂವತ್ತು ವರ್ಷ ದುಡಿಮೆ ಇದೆ. ಮಕ್ಕಳ ಶಾಲೆ ಇಲ್ಲಿ, ಆಸ್ಪತ್ರೆ ಇಲ್ಲಿ. ಭಾಡೆ ಮನೆಯ ಮಾಲೀಕ ಖಾಲಿ ಮಾಡಿ ಎಂದಾಗಲೆಲ್ಲ ಮಗುವಿನ ಶಾಲೆ, ರೇಷನ್ ಕಾರ್ಡು, ಗ್ಯಾಸ್ ವಿಳಾಸ ಎಲ್ಲ ಬದಲಾಗಬೇಕು. ಮೀನು ತಿನ್ನುವವರಾ, ಯಾವ ಜಾತಿ, ರಾತ್ರಿ ಎಷ್ಟೊತ್ತಿಗೆ ಬರುತ್ತೀರಿ, ನರ್ಸ್ ಅಂದರೆ ರಾತ್ರಿ ಯಾಕೆ ಹೋಗುತ್ತಾರೆ ಎಂಬ ಪ್ರಶ್ನೆಗಳನ್ನು ನಮ್ಮ ಹುಡುಗಿಗೂ ಕೇಳಿದ್ದಾರೆ. ಸ್ವಂತ 250 ಅಡಿಯಲ್ಲಿ ಈ ಪ್ರಶ್ನೆ ಕೇಳುವವರು ಯಾರೂ ಇಲ್ಲ. ಇದಕ್ಕೆ ಎಷ್ಟು ಲಕ್ಷ ಎಂದು ನಾನು ಹೇಳಲಾರೆ, ಆದರೆ ಇದಕ್ಕೆ ಬೆಲೆ ಇದೆ.

ಯಾರು ಕೊಳ್ಳಬಾರದು ಎಂದೂ ಹೇಳಿಬಿಡುತ್ತೇನೆ. ಭಾಡೆಗೆ ಕೊಟ್ಟು ಲಾಭ ಮಾಡೋಣ ಎನ್ನುವವರು ಬೇಡ. ಮೇಲೆ ಹೇಳಿದ ಮನೆಗೆ ತಿಂಗಳಿಗೆ 18,000 ಭಾಡೆ ಬಂದರೂ ಕಂತು 32,000, ಮೇಂಟೆನೆನ್ಸ್ ಬೇರೆ. ವಯಸ್ಸಾದ ತಂದೆ ತಾಯಿ ಒಂದೆರಡು ವರ್ಷದಲ್ಲಿ ಬಂದು ಜೊತೆಗೇ ಇರುತ್ತಾರೆ ಎಂದು ಖಾತ್ರಿ ಇದ್ದವರೂ ಬೇಡ, ಅವರು ಸ್ವಲ್ಪ ದೂರ ಹೋದರೂ ಎರಡು ಕೋಣೆ ನೋಡಲಿ. ಹಬ್ಬಕ್ಕೆ ಎಂಟು ದಿನ ಬಂದು ಹೋಗುವವರಿಗಾಗಿ ದೊಡ್ಡ ಮನೆ ಕೊಳ್ಳುವುದು ಮಾತ್ರ ಬೇಡ. ಎಂಟು ದಿನ ಎಲ್ಲರೂ ಹೇಗೋ ಮಲಗುತ್ತಾರೆ.

ನಮ್ಮ ಹುಡುಗರು ಈಗ ಅದೇ ಭಾಂಡುಪ್‌ನಲ್ಲಿ ಇನ್ನೊಂದು ಮನೆ ನೋಡಿದ್ದಾರೆ. ಟೇಪಿನಲ್ಲಿ 240 ಅಡಿ, ಎರಡನೇ ಮಹಡಿ, ಲಿಫ್ಟ್ ಇಲ್ಲ. ಆದರೆ ಅಡುಗೆಮನೆಗೆ ಬಾಗಿಲಿದೆ, ಕಿಟಕಿ ಪೂರ್ವಕ್ಕೆ ತೆರೆಯುತ್ತದೆ, ಒಂದು ಸಣ್ಣ ಸ್ಟೂಲ್ ಹಾಕಿ ಒಬ್ಬರು ಅಲ್ಲೇ ಕೂತು ಊಟ ಮಾಡಬಹುದು, ಫೋನಿನಲ್ಲಿ ಮಾತಾಡಬಹುದು. ಸ್ಟೇಷನ್ನಿಗೆ ನಡೆದು ಹೋಗಬಹುದು. ಬೆಳಿಗ್ಗೆ ನೀರು ಬರುವ ಹೊತ್ತಿಗೆ ಹೋಗಿ ನಲ್ಲಿ ತಿರುಗಿಸಿ ನೋಡಿದ್ದಾರೆ, ಮಳೆ ಹೊಯ್ಯುವಾಗ ಹೋಗಿ ಗೋಡೆ ನೋಡಿದ್ದಾರೆ. ಮಾರುವವರ ಅಗ್ರಿಮೆಂಟುಗಳ ಸರಣಿಯಲ್ಲಿ ಒಂದು ಕಾಗದ ಸಿಗುತ್ತಿಲ್ಲ, ನೋಂದಣಿ ಕಚೇರಿಯಿಂದ ಅದರ ಇಂಡೆಕ್ಸ್ 2 (ನೋಂದಣಿಯ ಸಾರಾಂಶ) ಪ್ರತಿ ತೆಗೆಸಲು ಹೇಳಿದ್ದೇನೆ. ಅದು ಬರುವವರೆಗೆ ಟೋಕನ್, ಅಂದರೆ ಮುಂಗಡ, ಕೊಡಬೇಡಿ ಅಂದಿದ್ದೇನೆ. ಏಜೆಂಟ್ ದಿನಾ ಫೋನ್ ಮಾಡುತ್ತಾನೆ, ಇನ್ನೊಂದು ಪಾರ್ಟಿ ರೆಡಿ ಇದೆ ಅನ್ನುತ್ತಾನೆ. ಇರಲಿ.

ಕಡೆಗೆ ಸಂಪಾದಕರಲ್ಲಿ ಮತ್ತು ಮುಂಬೈಯ ಕನ್ನಡ ಸಂಘಗಳಲ್ಲಿ ನನ್ನದೊಂದು ವಿನಂತಿ. ಮಾಟುಂಗಾದಿಂದ ಡೊಂಬಿವಿಲಿವರೆಗೆ ನಮ್ಮ ಸಂಘಗಳಿಗೆ ಸ್ವಂತ ಸಭಾಂಗಣಗಳಿವೆ. ಯಕ್ಷಗಾನ, ನಾಟಕ, ಸನ್ಮಾನ ಎಲ್ಲ ಚೆನ್ನಾಗಿ ನಡೆಯುತ್ತದೆ, ನಡೆಯಲಿ. ಅದೇ ಸಭಾಂಗಣದಲ್ಲಿ ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಎರಡು ಗಂಟೆ ಒಂದು ಮೇಜು ಹಾಕಿ. ನಮ್ಮಲ್ಲಿ ವಕೀಲರಿದ್ದಾರೆ, ನಿವೃತ್ತ ಬ್ಯಾಂಕಿನವರಿದ್ದಾರೆ, ಇಂಜಿನಿಯರುಗಳಿದ್ದಾರೆ. ಮನೆ ಕೊಳ್ಳಲು ಹೊರಟವರು ಟೋಕನ್ ಕೊಡುವ ಮುಂಚೆ ಕಾಗದ ತಂದು ತೋರಿಸಲಿ, ಕನ್ನಡದಲ್ಲಿ ಕೇಳಲಿ. ಕ್ಯಾಂಟೀನಿನಲ್ಲಿ ದುಡಿಯುವ ಹುಡುಗನಿಗೆ ಇಂಗ್ಲಿಷ್ ಅಗ್ರಿಮೆಂಟಿನ ನಲವತ್ತು ಪುಟ ಓದಿ ಹೇಳುವವರು ಬೇರೆ ಯಾರಿದ್ದಾರೆ? ನಿಮ್ಮ ಪತ್ರಿಕೆ ಆ ದಿನ, ಜಾಗ ಪ್ರಕಟಿಸಿದರೆ ಸಾಕು, ಜನ ಬರುತ್ತಾರೆ. ಭಾಂಡುಪ್, ಮುಲುಂಡ್ ಕಡೆ ಯಾವ ಸಂಘ ಇದನ್ನು ಶುರು ಮಾಡಿದರೂ ಮೇಂಟೆನೆನ್ಸ್ ಬಿಲ್ಲು, ಷೇರ್ ಸರ್ಟಿಫಿಕೇಟ್, ಬಾಕಿ ಲೆಕ್ಕ ನೋಡಿಕೊಡಲು ನಾನು ಬಂದು ಕೂರುತ್ತೇನೆ.

ಇತಿ,
ಭಾಂಡುಪ್‌ನ ಓದುಗಿ, ಮುಂಬೈ